ಮಗಳು ಒಂದನೇ ಕ್ಲಾಸು, ಇನ್ನೂ ಅ ಆ ಇ ಈ ಬರಲ್ಲ. ನಲಿಕಲಿಯಲ್ಲಿ ಈ ವಾರ ಏನು ಕಲಿಸುತ್ತಿದ್ದಾರೆ?

ನಾನು ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್, ಅಂದರೆ ಚಿಕ್ಕ ಕ್ಲಾಸಿನ ಮಕ್ಕಳಿಗೆ ಹಾಡು, ಆಟ, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿಯ ಟೀಚರ್. ನೀವು ಬರೆದಿದ್ದನ್ನು ಪೂರ್ತಿ ಓದಿದೆ. ಮಗಳು ಜೂನ್‌ನಲ್ಲಿ ಸೇರಿದಳು, ಈಗ ಸೆಪ್ಟೆಂಬರ್, ಮನೆಗೆ ಬಂದರೆ ಬರೀ ಹಾಡು, ಪಕ್ಕದ ಮನೆಯ ಮಗು ಕಾನ್ವೆಂಟಿಗೆ ಹೋಗಿ ಎಬಿಸಿಡಿ ಎಲ್ಲಾ ಬರೆಯುತ್ತದೆ, ಹಾಗಾದರೆ ನಮ್ಮ ಮಗಳ ಕ್ಲಾಸಲ್ಲಿ ಏನು ನಡೀತಿದೆ ಅಂತ ಕೇಳಿದ್ದೀರಿ. ನಮ್ಮ ಕೋಣೆಯಲ್ಲಿ ಈ ವಾರ ನಡೆಯುತ್ತಿರುವುದನ್ನು ಹೇಳುತ್ತೇನೆ. ನಿಮ್ಮೂರ ಶಾಲೆಯಲ್ಲೂ ಹೆಚ್ಚುಕಡಿಮೆ ಇದೇ ಇರುತ್ತದೆ.

ಅ ಆ ಇ ಈ ಬರಲ್ಲ ಅಂತ ಗಾಬರಿ ಬೇಡ. ನಲಿಕಲಿಯಲ್ಲಿ ವರ್ಣಮಾಲೆಯ ಸಾಲು ಹಿಡಿದು ಹೋಗುವುದೇ ಇಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಅದಾದ ಮೇಲೆ ಜ, ವ, ಮ, ಬ, ನ. ಯಾಕೆ ಹೀಗೆ ಅಂದರೆ, ರ ಬರೆಯಲು ಕೈ ಕುದುರಿದರೆ ಅದರ ಜೊತೆಯ ಅಕ್ಷರಗಳು ಸುಲಭವಾಗಿ ಬರುತ್ತವೆ, ಆಕಾರ ಹತ್ತಿರ ಹತ್ತಿರ ಇದೆ. ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಮೊದಲ ಐದೇ ಅಕ್ಷರ ಬಂದರೆ ಮಗು ಓದಲು ಶುರು ಮಾಡುತ್ತದೆ. ಸರ, ರಸ, ಅರಸ, ಅಗಸ. ಮುಂದಿನ ಐದು ಸೇರಿದರೆ ಮರ, ಜನ, ನಗರ, ಬಸವ. ಬರೀ ಸ್ವರಗಳನ್ನು ಇಟ್ಟುಕೊಂಡು ಎಷ್ಟು ಪದ ಕಟ್ಟಬಹುದು ಹೇಳಿ? ಸಾಲಾಗಿ ಬಾಯಿಪಾಠ ಒಪ್ಪಿಸುವ ಮಗುವಿಗೆ ನಡುವಿನ ಒಂದು ಅಕ್ಷರ ತೋರಿಸಿ ಕೇಳಿದರೆ ಮತ್ತೆ ಮೊದಲಿಂದ ಶುರು ಮಾಡಿ ಎಣಿಸಿಕೊಂಡು ಬರುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ನಮ್ಮ ಒಂದನೆಯವರು ಈ ವಾರ ಆ ಮೊದಲ ಐದು ಅಕ್ಷರಗಳಲ್ಲಿದ್ದಾರೆ. ನಿನ್ನೆ ಒಬ್ಬಳು ಅಕ್ಷರ ಕಾರ್ಡುಗಳನ್ನು ನೆಲದ ಮೇಲೆ ಹರಡಿಕೊಂಡು ಪದ ಕಟ್ಟುತ್ತಿದ್ದಳು. ಗ ಇಟ್ಟಳು, ರ ಇಟ್ಟಳು, ಆಮೇಲೆ ಕೈ ನಿಂತುಹೋಯಿತು. ಎದ್ದು ಬಂದು, "ಮಿಸ್, ಇನ್ನೊಂದು ಗ ಬೇಕು" ಅಂದಳು. ಯಾಕೆ ಅಂದೆ. "ಗರಗಸಕ್ಕೆ ಎರಡು ಬೇಕಲ್ಲ ಮಿಸ್." ಅವಳ ಅಪ್ಪ ಮರಗೆಲಸ ಮಾಡುತ್ತಾರೆ, ಗರಗಸ ಅಂದರೇನು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಪದದೊಳಗೆ ಒಂದೇ ಸದ್ದು ಎರಡು ಸಲ ಬರುತ್ತದೆ ಎಂದು ತಾನಾಗಿ ಕಿವಿಯಲ್ಲಿ ಹಿಡಿದಳಲ್ಲ, ಓದು ಅಂದರೆ ಅದೇ. ನೋಟ್‌ಬುಕ್ಕಿನಲ್ಲಿ ಹತ್ತು ಸಾಲು ತಿದ್ದಿಸಿದರೆ ಇದು ಬರುವುದಿಲ್ಲ.

ಇನ್ನು ಹಾಡಿನ ವಿಷಯ. ಒಂದನೇ ಕ್ಲಾಸಿನ ಮೊದಲ ಮೂರು ತಿಂಗಳು ವಿದ್ಯಾಪ್ರವೇಶ ಅಂತ ಇರುತ್ತದೆ. ಹಾಡು, ಕಥೆ, ಚಿತ್ರ, ಕಾಗದ ಹರಿದು ಅಂಟಿಸುವುದು, ಬೀಜ ಬೇರೆ ಮಾಡಿ ಗುಂಪು ಮಾಡುವುದು. ಹೊರಗಿನವರಿಗೆ ಸುಮ್ನೆ ಆಟ ಅನ್ನಿಸುತ್ತದೆ. ಪೆನ್ಸಿಲ್ ಹಿಡಿಯುವ ಬೆರಳಿಗೆ ಬಲ ಬರುವುದು, ಸದ್ದುಗಳನ್ನು ಬಿಡಿಸಿ ಕೇಳುವ ಕಿವಿ ತಯಾರಾಗುವುದು ಅಲ್ಲೇ. ಆ ದಿನಗಳು ಈಗ ಮುಗಿಯುತ್ತಿವೆ. ಇನ್ನು ಮುಂದೆ ಓದು ಬರಹ ಜಾಸ್ತಿ ಆಗುತ್ತದೆ.

ನಮ್ಮಲ್ಲಿ ಒಂದು, ಎರಡು, ಮೂರನೇ ಕ್ಲಾಸು ಮೂರೂ ಒಂದೇ ಕೋಣೆಯಲ್ಲಿ. ಮಕ್ಕಳು ತಟ್ಟೆ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಒಂದರಲ್ಲಿ ಟೀಚರ್ ಪಕ್ಕದಲ್ಲೇ ಇರುತ್ತಾರೆ, ಒಂದರಲ್ಲಿ ಗೆಳೆಯರು ಹೇಳಿಕೊಡುತ್ತಾರೆ, ಒಂದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ತಾನು ಯಾವ ಮೆಟ್ಟಿಲಲ್ಲಿದ್ದೇನೆ, ಮುಂದಿನ ಕಾರ್ಡ್ ಯಾವುದು ಎಂದು ಮಗುವೇ ನೋಡಿ ತೆಗೆದುಕೊಳ್ಳುತ್ತದೆ. ಹಾಗಾಗಿ "ಈ ವಾರದ ಪಾಠ" ಅಂತ ಇಡೀ ಕ್ಲಾಸಿಗೆ ಒಂದೇ ಇರುವುದಿಲ್ಲ. ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ಕಟ್ಟಿದ್ದು. ಸುಗ್ಗಿಗೋ ಜಾತ್ರೆಗೋ ಮಗು ನಾಲ್ಕು ದಿನ ತಪ್ಪಿಸಿಕೊಂಡರೂ ಬಂದ ದಿನ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ, ಮೊದಲಿನ ಪದ್ಧತಿಯಲ್ಲಿ ಪಾಠ ಮುಂದೆ ಹೋಗಿಬಿಟ್ಟಿರುತ್ತಿತ್ತು.

ಎರಡನೆಯವರಿಗೆ ಈ ವಾರ ಹತ್ತು ಮತ್ತು ಬಿಡಿ. ನಲವತ್ತಮೂರು ಬರಿ ಅಂದರೆ 403 ಬರೆಯುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಅವರು ದಡ್ಡರಲ್ಲ. ನಲವತ್ತು, ಮೂರು ಅಂತ ಕಿವಿಗೆ ಬಿದ್ದಂತೆ ಬರೆದಿರುತ್ತಾರೆ. ಬೈದರೆ ಅಳಿಸಿ ಇನ್ನೇನೋ ಬರೆಯುತ್ತಾರೆ. ಪೊರಕೆ ಕಡ್ಡಿಯ ಹತ್ತು ಹತ್ತರ ನಾಲ್ಕು ಕಟ್ಟು, ಮೂರು ಬಿಡಿ ಕಡ್ಡಿ ಕೈಗೆ ಕೊಟ್ಟು ಎಣಿಸಲು ಬಿಟ್ಟರೆ ಅವರೇ ಸೊನ್ನೆಯನ್ನು ಒರೆಸಿಹಾಕುತ್ತಾರೆ. ಮೂರನೆಯವರು ಚಿಕ್ಕ ಕಥೆ ಓದಿ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಾರೆ, ಬೆಳಿಗ್ಗೆ ಮೋಡವೋ ಬಿಸಿಲೋ ನೋಡಿ ಹವಾಮಾನ ನಕ್ಷೆ ತುಂಬುವ ಕೆಲಸವೂ ಅವರದೇ.

ಒಬ್ಬರೇ ಟೀಚರ್ ಇದ್ದು ಮಕ್ಕಳು ಜಾಸ್ತಿ ಇದ್ದರೆ, ಅದರ ಮೇಲೆ ಮಾಹಿತಿ ತುಂಬುವ ಕೆಲಸವೂ ಬಿದ್ದರೆ, ಈ ಪದ್ಧತಿ ಸೊರಗುತ್ತದೆ. ಆಗ ಮಕ್ಕಳು ಕಾರ್ಡ್ ಹಿಡಿದುಕೊಂಡು ಕಾಯುತ್ತಾ ಕೂರುತ್ತಾರೆ. ಅದಕ್ಕೇ ನೀವು ಒಮ್ಮೆ ಹೋಗಿ ನೋಡುವುದು ಒಳ್ಳೆಯದು.

ಮನೆಯಲ್ಲಿ ಅ ಆ ಇ ಈ ತಿದ್ದಿಸಲು ಕೂರಿಸಬೇಡಿ, ಎರಡು ದಾರಿ ಆಗಿ ಮಗು ಗಲಿಬಿಲಿ ಆಗುತ್ತದೆ. ಬದಲಿಗೆ ಬಸ್ಸಿನ ಬೋರ್ಡಿನಲ್ಲಿ, ಉಪ್ಪಿನ ಪ್ಯಾಕೆಟ್ಟಿನ ಮೇಲೆ ರ ಎಲ್ಲಿದೆ, ಸ ಎಲ್ಲಿದೆ ಅಂತ ಹುಡುಕಿಸಿ. ಅಡುಗೆ ಮಾಡುವಾಗ ಈರುಳ್ಳಿ ಎಣಿಸಿ ಕೊಡಲು ಹೇಳಿ. ಶಾಲೆಯ ಹಾಡು ಹೇಳಿದರೆ ಪೂರ್ತಿ ಕೇಳಿ. ಮತ್ತೆ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಟೀಚರ್‌ಗೆ ಸ್ವಲ್ಪ ಬಿಡುವಿರುತ್ತದೆ, ಆಗ ಹೋಗಿ ಮಗಳ ಪ್ರಗತಿ ನೋಟ, ಅಂದರೆ ಅವಳ ಕಲಿಕೆಯನ್ನು ಗುರುತು ಹಾಕುವ ದಾಖಲೆ, ತೋರಿಸಿ ಅಂತ ಕೇಳಿ. ಕಲಿಕಾ ಏಣಿಯ ಯಾವ ಮೈಲಿಗಲ್ಲಿನಲ್ಲಿದ್ದಾಳೆ, ಎಲ್ಲಿ ತಡವರಿಸುತ್ತಿದ್ದಾಳೆ ಎಲ್ಲಾ ಅದರಲ್ಲಿ ಗೊತ್ತಾಗುತ್ತದೆ.