ವೆಬ್‌ಸೈಟ್ ಆಮೇಲೆ, ಮೊದಲು ರಟ್ಟಿನ ಪೆಟ್ಟಿಗೆ

ನಿಮ್ಮ ಪ್ರಶ್ನೆ ಹೀಗಿದೆ. ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಮ್ಮ ಭತ್ತದ ತೆನೆಯ ತೋರಣ ಕಟ್ಟುತ್ತಾರೆ. ಪಕ್ಕದ ಮನೆಯ ಅತ್ತೆ ಬಟ್ಟೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಊರಿನ ಇನ್ನೊಬ್ಬರು ಬಿದಿರಿನ ಬುಟ್ಟಿ ಹೆಣೆಯುತ್ತಾರೆ. ನಿಮ್ಮ ಕೈಯಲ್ಲಿರುವುದು ಹತ್ತು ಸಾವಿರ ರೂಪಾಯಿ, ವೆಬ್‌ಸೈಟ್ ಮಾಡಿಕೊಡುವವರು ಕೇಳಿದ್ದು ಮೂವತ್ತೈದು ಸಾವಿರ. ಸಾಲ ಮಾಡಿ ಮಾಡಿಸಲೇ ಅಂತ ಕೇಳಿದ್ದೀರಿ.

ಬೇಡ. ಈಗಂತೂ ಬೇಡವೇ ಬೇಡ. ಸಾಗರದ ಕಡೆ ಕೆಲವು ಮನೆಯವರು ಮಾಡುವ ಇಂಥದ್ದೇ ಸಾಮಾನನ್ನು ನಾನು ಮಾರಿಕೊಡುತ್ತಾ ಬಂದಿದ್ದೇನೆ. ಈ ವ್ಯಾಪಾರದಲ್ಲಿ ದುಡ್ಡು ಕರಗುವ ಜಾಗ ಪಾರ್ಸೆಲ್. ಹಾಗಾಗಿ ಲೆಕ್ಕವನ್ನು ರಟ್ಟಿನ ಪೆಟ್ಟಿಗೆಯಿಂದ ಶುರು ಮಾಡಿ. ಯಾವುದು ಪೆಟ್ಟಿಗೆಯಲ್ಲಿ ಸಲೀಸಾಗಿ ಕೂರುತ್ತದೋ ಅದನ್ನು ಮೊದಲು ಮಾರಿ.

ಬುಟ್ಟಿಯನ್ನೇ ನೋಡಿ. ಕೊರಿಯರ್‌ನವರು ತೂಕ ಒಂದನ್ನೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ಬಾಡಿಗೆ. 40 ಸೆಂಟಿಮೀಟರ್ ಉದ್ದ, 40 ಅಗಲ, 25 ಎತ್ತರದ ಪೆಟ್ಟಿಗೆ ಅಂದರೆ 8 ಕೆಜಿ ಲೆಕ್ಕ. ಒಳಗಿರುವ ಬುಟ್ಟಿ ಒಂದು ಕೆಜಿಯೂ ಇರುವುದಿಲ್ಲ. ಬುಟ್ಟಿಯ ಬೆಲೆಗಿಂತ ಕಳಿಸುವ ಖರ್ಚೇ ಜಾಸ್ತಿಯಾದರೆ ಯಾರು ಕೊಳ್ಳುತ್ತಾರೆ? ಅದಕ್ಕೆ ಒಂದರೊಳಗೊಂದು ಕೂರುವ ಮೂರು ಅಳತೆಯ ಬುಟ್ಟಿ ಹೆಣೆಸಿ, ಸೆಟ್ ಮಾಡಿ ಮಾರಿ. ಪೆಟ್ಟಿಗೆ ಅಷ್ಟೇ, ಬಾಡಿಗೆ ಅಷ್ಟೇ, ಮಾರಿದ್ದು ಮೂರು. ದೊಡ್ಡ ಬುಟ್ಟಿ ಕೇಳಿದವರು ಬೆಂಗಳೂರಿನವರಾದರೆ ಕೆಎಸ್‌ಆರ್‌ಟಿಸಿ ಬಸ್ಸಿನ 'ನಮ್ಮ ಕಾರ್ಗೋ' ಪಾರ್ಸೆಲ್ ಸೇವೆಯಲ್ಲಿ ಎಷ್ಟಾಗುತ್ತದೆ ಅಂತಲೂ ವಿಚಾರಿಸಿ.

ಹಸೆ ಚಿತ್ತಾರ ಕಳಿಸುವುದು ಎಲ್ಲಕ್ಕಿಂತ ಸುಲಭ. ಬಟ್ಟೆಯನ್ನು ಸುರುಳಿ ಸುತ್ತಿ ಗಟ್ಟಿ ರಟ್ಟಿನ ಕೊಳವೆಯಲ್ಲಿಟ್ಟರೆ ಮುಗಿಯಿತು. ಮಡಚಬೇಡಿ, ಬಣ್ಣ ಬಿರುಕು ಬಿಡುತ್ತದೆ. ಗಾಜಿನ ಫ್ರೇಮ್ ಹಾಕಿಸಿ ಕಳಿಸುವ ಆಸೆ ಬೇಡ, ಫ್ರೇಮ್ ಕೊಂಡವರೇ ಹಾಕಿಸಿಕೊಳ್ಳಲಿ. ಇದನ್ನು ಮೊದಲ ಸರಕು ಮಾಡಿಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಒಂದು ಮಾತು: ವಾರ್ಲಿ ಅಂತ ಹೆಸರು ಹಾಕಿದರೆ ಹುಡುಕುವವರಿಗೆ ಬೇಗ ಸಿಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ವಾರ್ಲಿ ಮಹಾರಾಷ್ಟ್ರದ ಕಡೆಯದು, ಇದು ನಮ್ಮ ದೀವರು ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಬರೆಯುತ್ತಾ ಬಂದದ್ದು. ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಕಪ್ಪಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಇವುಗಳಲ್ಲಿ ಅತ್ತೆ ಯಾವುದನ್ನು ಬಳಸಿದ್ದಾರೋ ಅದನ್ನೇ ಬರೆಯಿರಿ. ಅಂಗಡಿಯ ಬಣ್ಣ ಬಳಸಿದ್ದರೆ ಅದನ್ನೂ ಬರೆಯಿರಿ. ಬರೆದವರ ಹೆಸರು ಹಾಕಿ, ಅವರಿಗೆ ಒಪ್ಪಿಗೆ ಇದ್ದರೆ.

ತೋರಣದ ಶತ್ರು ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಾಗಿಲಿಗೂ ಬೂಷ್ಟು ಹಿಡಿಯುತ್ತದೆ, ತೆನೆಯನ್ನು ಬಿಡುತ್ತದೆಯೇ? ಬಿಸಿಲಿರುವಾಗಲೇ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬದಲ್ಲಿ ಇಡಿ. ಅಟ್ಟದ ಮೇಲಿಟ್ಟರೆ ಒಲೆಯ ಬಿಸಿಗೆ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ವಾಸನೆ ಹಿಡಿಯುತ್ತದೆ, ಇಲಿಯ ಕಾಟ ಬೇರೆ. ಕಳಿಸುವಾಗ ಪ್ಲಾಸ್ಟಿಕ್ ಕವರಿನೊಳಗೆ ತೇವ ಹೀರುವ ಸಿಲಿಕಾ ಜೆಲ್‌ನ ಒಂದೆರಡು ಪೊಟ್ಟಣ ಹಾಕಿ, ಮೇಲೆ ಐದು ಪದರದ ರಟ್ಟಿನ ಪೆಟ್ಟಿಗೆ. ಮೂರೇ ಅಳತೆಯ ಪೆಟ್ಟಿಗೆ ಇಟ್ಟುಕೊಳ್ಳಿ, ಶಿವಮೊಗ್ಗದಿಂದ ಒಟ್ಟಿಗೆ ತಂದರೆ ಅಗ್ಗ ಬೀಳುತ್ತದೆ. ಹತ್ತು ಸಾವಿರದಲ್ಲಿ ಮೊದಲ ಖರ್ಚು ಇದು. ಎರಡನೆಯದು ಒಂದು ಡಿಜಿಟಲ್ ತಕ್ಕಡಿ. ಮನೆಯಲ್ಲೇ ತೂಗಿದರೆ ಅಂಚೆ ಖರ್ಚು ಎಷ್ಟು ಅಂತ ಗಿರಾಕಿಗೆ ಮೊದಲೇ ಹೇಳಬಹುದು. ಕಳಿಸುವುದಕ್ಕೆ ಸ್ಪೀಡ್ ಪೋಸ್ಟ್ ಸಾಕು. ನಮ್ಮಂಥ ಹಳ್ಳಿಗೆ ಕೊರಿಯರ್ ಹುಡುಗ ಬರುತ್ತಾನೆ ಅಂತ ನಂಬಿ ಕೂರುವಂತಿಲ್ಲ.

ಇನ್ನು ಅಂಗಡಿ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆ. ಅದರ ಕ್ಯಾಟಲಾಗ್‌ನಲ್ಲಿ 500 ಸಾಮಾನಿನವರೆಗೆ ಫೋಟೊ, ಬೆಲೆ, ವಿವರ ಹಾಕಬಹುದು. ನಿಮಗೆ ಇಪ್ಪತ್ತು ಹಾಕಿದರೆ ಜಾಸ್ತಿ. ವ್ಯಾಪಾರಕ್ಕೇ ಒಂದು ಬೇರೆ ಸಿಮ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಗಿರಾಕಿಯ ಮೆಸೇಜು ಮದುವೆ ಕರೆಯೋಲೆಗಳ ನಡುವೆ ಕಳೆದುಹೋಗುತ್ತದೆ. ಜನ ನೋಡುವುದಕ್ಕೆ ಇನ್‌ಸ್ಟಾಗ್ರಾಮ್. ದುಡ್ಡಿಗೆ ಯುಪಿಐ, ಬ್ಯಾಂಕ್ ಖಾತೆಯಿಂದ ಖಾತೆಗೆ ಬಂದರೆ ಏನೂ ಕಡಿತವಿಲ್ಲ. ವೆಬ್‌ಸೈಟಿನಲ್ಲೇ ದುಡ್ಡು ಕಟ್ಟಿಸಿಕೊಳ್ಳುವ ಪೇಮೆಂಟ್ ಗೇಟ್‌ವೇ ಹಾಕಿಸಿದರೆ ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿ, ಅದರ ಮೇಲೆ ತೆರಿಗೆ ಹೋಗುತ್ತದೆ. ಒಂದೇ ಪ್ರಶ್ನೆಗೆ ದಿನವಿಡೀ ಉತ್ತರ ಕೊಟ್ಟು ಸುಸ್ತಾಗುವಷ್ಟು ಆರ್ಡರ್ ಬರತೊಡಗಿದಾಗ ವೆಬ್‌ಸೈಟಿನ ಯೋಚನೆ ಮಾಡಿ. ಆಗಲೂ ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್, ಅದರೊಳಗೆ ಅಂಗಡಿ ಇಡುವ ವೂಕಾಮರ್ಸ್ ತಂತ್ರಾಂಶ ಪುಕ್ಕಟೆ ಸಿಗುತ್ತವೆ. ಡೊಮೇನ್ (ವೆಬ್‌ಸೈಟಿನ ವಿಳಾಸ) ಮತ್ತು ಹೋಸ್ಟಿಂಗ್‌ಗೆ (ಅದನ್ನು ಇಡುವ ಜಾಗ) ಮಾತ್ರ ವರ್ಷಕ್ಕಿಷ್ಟು ಅಂತ ಕಟ್ಟಬೇಕು.

ಫೋಟೊಗೆ ಸ್ಟುಡಿಯೊ ಬೇಡ. ಮೋಡ ಕವಿದ ದಿನ ಜಗಲಿಯಲ್ಲಿ ಬೀಳುವ ಬೆಳಕು ಬಹಳ ಹದವಾಗಿರುತ್ತದೆ. ಹಿಂದೆ ಬಿಳಿ ಪಂಚೆ ಕಟ್ಟಿ, ಮೊಬೈಲಿನಲ್ಲೇ ತೆಗೆಯಿರಿ. ಒಂದು ಫೋಟೊದಲ್ಲಾದರೂ ಸಾಮಾನು ಯಾರದಾದರೂ ಕೈಯಲ್ಲಿರಲಿ, ಗಾತ್ರ ಗೊತ್ತಾಗಲಿ.

ಕ್ಯಾಶ್ ಆನ್ ಡೆಲಿವರಿ ಕೊಡಬೇಡಿ. ಒಂದು ದೊಡ್ಡ ಶಾಪಿಂಗ್ ಆ್ಯಪ್‌ನಲ್ಲಿ ಮಾರಾಟಕ್ಕೆ ಇಟ್ಟಿದ್ದಾಗ ಗಿರಾಕಿ ಬೇಡ ಅಂದ ತೋರಣ ವಾಪಸ್ ಬಂತು. ಪೆಟ್ಟಿಗೆ ತೆರೆದರೆ ಒಳಗೆ ತೋರಣವಿಲ್ಲ, ಒಂದು ಹಿಡಿ ಭತ್ತ ಇತ್ತು!

ಜಿಎಸ್‌ಟಿ ಅಂತ ಹೆದರಿಸುವವರು ಬಹಳ. ಬರೀ ಸಾಮಾನು ಮಾರುವವರಿಗೆ, ಅದೂ ಕರ್ನಾಟಕದೊಳಗೇ ಮಾರಿದರೆ, ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ ಮಾರುವವರಿಗೆ ಈ ಮಿತಿ ಅನ್ವಯಿಸುವುದಿಲ್ಲ. ಆದರೆ ಸರ್ಕಾರದ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಅಲ್ಲಿಯೂ 20 ಲಕ್ಷದವರೆಗೆ ವಿನಾಯಿತಿ ಇದೆ. ಅದಕ್ಕೆ ಪ್ಯಾನ್ ಇರಬೇಕು, ಸಾಮಾನಿನ ಬೆಲೆ ಎಷ್ಟೇ ಇರಲಿ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ದಾಖಲೆ) ಮಾಡಬೇಕು. 2023ರ ಅಕ್ಟೋಬರ್ 1ರಿಂದ ದೊಡ್ಡ ಆ್ಯಪ್‌ಗಳಲ್ಲಿ ಜಿಎಸ್‌ಟಿ ಇಲ್ಲದವರೂ ಮಾರಬಹುದು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ಆದರೆ ಆ ದಾರಿ ಹಿಡಿದರೆ ಹೊರರಾಜ್ಯಕ್ಕೆ ಏನನ್ನೂ ಮಾರುವಂತಿಲ್ಲ. ಮೊದಲ ವರ್ಷ ಕರ್ನಾಟಕದೊಳಗೇ ಮಾರಿ, ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ನಮ್ಮ ಕಡೆಯವರೇ ಎಷ್ಟೊಂದು ಜನ ಇದ್ದಾರಲ್ವಾ? ಹೊರಗೆ ಕಳಿಸುವ ಮುಂಚೆ ನಿಮ್ಮ ಸಾಮಾನು ಪಟ್ಟಿಯಲ್ಲಿದೆಯೇ ಅಂತ ಆಡಿಟರ್ ಹತ್ತಿರ ಒಮ್ಮೆ ಕೇಳಿ. ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿಯಾದ ಉದ್ಯಮ್, ಆಧಾರ್ ಮತ್ತು ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲೇ ಆಗುತ್ತದೆ, ಪುಕ್ಕಟೆ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟ್‌ಗಳು ಸರ್ಕಾರದವಲ್ಲ. ಬುಟ್ಟಿ ಹೆಣೆಯುವವರಿಗೆ ಕುಶಲಕರ್ಮಿಗಳಿಗಾಗಿ 2023ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆಯೂ ಹೇಳಿ, ಅದರ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ ಹೆಣೆಯುವುದೂ ಸೇರಿದೆ. ಶ್ರೀಗಂಧದ ಕೆತ್ತನೆ ಮಾತ್ರ ಸದ್ಯಕ್ಕೆ ಮುಟ್ಟಬೇಡಿ, ಅದಕ್ಕೆ ಅರಣ್ಯ ಇಲಾಖೆಯ ಕಾಗದಪತ್ರಗಳ ರಗಳೆ ಇದೆ.

ಬೆಲೆಯ ವಿಷಯದಲ್ಲಿ ದಾಕ್ಷಿಣ್ಯ ಮಾಡಿಕೊಳ್ಳಬೇಡಿ. "ಜಾತ್ರೆಯಲ್ಲಿ ಇದರ ಅರ್ಧ ಬೆಲೆಗೆ ಸಿಗುತ್ತದೆ" ಅನ್ನುವವರು ಬಂದೇ ಬರುತ್ತಾರೆ. ಜಾತ್ರೆಯಲ್ಲೇ ತೆಗೆದುಕೊಳ್ಳಲಿ. ಅಡಿಕೆ ಸುಲಿಯಲು ಹೋದರೆ ಅದೇ ಹೊತ್ತಿಗೆ ಎಷ್ಟು ಕೂಲಿ ಸಿಗುತ್ತದೆ ನೋಡಿ. ಅದಕ್ಕಿಂತ ಕಡಿಮೆ ಕೊಟ್ಟರೆ ಯಾರು ಕೂತು ತೋರಣ ಕಟ್ಟುತ್ತಾರೆ? ಆ ಕೂಲಿಗೆ ಸಾಮಗ್ರಿ, ಪೆಟ್ಟಿಗೆ, ನಿಮ್ಮ ಓಡಾಟ ಸೇರಿಸಿ. ಅಂಚೆ ಖರ್ಚನ್ನು ಬೇರೆಯಾಗಿಯೇ ತೋರಿಸಿ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಯಾರ ಕೈಯೂ ಬಿಡುವಿರುವುದಿಲ್ಲ, ಆಗ ಆರ್ಡರ್ ಒಪ್ಪಿಕೊಂಡರೆ ತಡವಾಗುತ್ತದೆ ಅಂತ ಕ್ಯಾಟಲಾಗ್‌ನಲ್ಲೇ ಹಾಕಿಬಿಡಿ.

ತೆನೆಯ ವ್ಯವಸ್ಥೆಯನ್ನು ಮಾತ್ರ ಈಗಲೇ ಮಾಡಿಕೊಳ್ಳಿ. ಯಂತ್ರ ಇಳಿದ ಗದ್ದೆಯಲ್ಲಿ ತೋರಣಕ್ಕಾಗುವ ತೆನೆ ಸಿಗುವುದಿಲ್ಲ. ಪೂರ್ತಿ ಬಲಿತ ತೆನೆಯಾದರೆ ಕಟ್ಟುವಾಗಲೇ ಕಾಳು ಉದುರುತ್ತದೆ. ಗದ್ದೆಯವರ ಹತ್ತಿರ ಮಾತಾಡಿ, ಒಂದು ಮೂಲೆಯನ್ನು ತುಸು ಮುಂಚೆ ಕೈಯಲ್ಲಿ ಕೊಯ್ದುಕೊಡಲು ಹೇಳಿ. ಭತ್ತದ ರೇಟಿಗಿಂತ ಸ್ವಲ್ಪ ಜಾಸ್ತಿಯೇ ಕೊಡಿ.