ಕೊನೆಯ ಹಾಡು ಕರಕರ ಅಂದರೆ ಟೋನ್‌ಆರ್ಮ್ ಬದಲಿಸಬೇಕೇ?

ಬೇಡ. ಸದ್ಯಕ್ಕಂತೂ ಬೇಡ. ನಿಮ್ಮ ರೆಕಾರ್ಡ್ ಪ್ಲೇಯರ್ ಬಗ್ಗೆ ನೀವು ಬರೆದಿರುವುದರಲ್ಲಿ ನನಗೆ ಎರಡು ಬೇರೆ ಬೇರೆ ಕಾಯಿಲೆ ಕಾಣುತ್ತಿವೆ. ವಾಲ್ಯೂಮ್ ಏರಿಸಿದರೆ ಗುಂಯ್ ಅನ್ನುವ ಸದ್ದು ತಾನಾಗಿ ಬೆಳೆಯುತ್ತಾ ಹೋಗುವುದು ಒಂದು. ಪ್ಲೇಟಿನ ಕೊನೆಯ ಹಾಡಿನಲ್ಲಿ ‘ಸ’, ‘ಶ’ ಬಂದಾಗಲೆಲ್ಲ ಸ್ವರ ಒಡೆಯುವುದು ಇನ್ನೊಂದು. ಅಂಗಡಿಯವರು ಎರಡಕ್ಕೂ ಹೊಸ ಟೋನ್‌ಆರ್ಮೇ (ಮುಳ್ಳನ್ನು ಹಿಡಿದು ಪ್ಲೇಟಿನ ಮೇಲೆ ಸಾಗುವ ಕೈ) ಮದ್ದು ಅಂದಿದ್ದಾರೆ. ದುಡ್ಡು ಜೇಬಲ್ಲೇ ಇರಲಿ.

ಮೊದಲು ಗುಂಯ್ ನೋಡೋಣ. ಪ್ಲೇಯರೂ ಸ್ಪೀಕರೂ ಒಂದೇ ಟಿವಿ ಸ್ಟ್ಯಾಂಡಿನ ಮೇಲಿವೆ ಅಂತ ನೀವೇ ಬರೆದಿದ್ದೀರಿ. ಪ್ಲೇಟಿನ ಗೆರೆಯಿಂದ ಬಂದ ಅಲುಗಾಟ ಯಾವುದು, ಹಲಗೆಯಿಂದ ಬಂದದ್ದು ಯಾವುದು ಅಂತ ಮುಳ್ಳಿಗೆ ಗೊತ್ತಾಗಲ್ಲ. ಸ್ಪೀಕರ್ ಹಲಗೆಯನ್ನು ನಡುಗಿಸುತ್ತೆ, ಹಲಗೆ ಮುಳ್ಳನ್ನು ನಡುಗಿಸುತ್ತೆ, ಆ ನಡುಕ ಇನ್ನೂ ದೊಡ್ಡದಾಗಿ ಸ್ಪೀಕರಿಗೇ ವಾಪಸ್ ಬರುತ್ತೆ. ಮೋಟಾರ್ ಆಫ್ ಮಾಡಿ, ನಿಂತ ಪ್ಲೇಟಿನ ಮೇಲೆ ಮುಳ್ಳು ಇಳಿಸಿ, ವಾಲ್ಯೂಮ್ ನಿಧಾನಕ್ಕೆ ಏರಿಸುತ್ತಾ ಸ್ಟ್ಯಾಂಡನ್ನು ಬೆರಳಿಂದ ತಟ್ಟಿ ನೋಡಿ. ಬಾಗಿಲು ಬಡಿದ ಹಾಗೆ ಕೇಳಿಸಿದರೆ ಕಳ್ಳ ಸಿಕ್ಕ ಅಂತಲೇ ಲೆಕ್ಕ.

ನಮ್ಮ ಮನೆಯಲ್ಲಿ ಅಡುಗೆಮನೆ ಕಟ್ಟೆಗೆ ತಂದು ಉಳಿದಿದ್ದ ಕಡಪ ಕಲ್ಲನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಪ್ಲೇಯರ್ ಕೂರಿಸಿದ್ದೆ. ಏನೂ ಬದಲಾಗಲಿಲ್ಲ. ಬರೀ ತೂಕ ಸಾಲದು, ತೂಕದ ಕೆಳಗೆ ಸ್ಪ್ರಿಂಗಿನ ಹಾಗೆ ಮಣಿಯುವ ಏನಾದರೂ ಬೇಕು ಅನ್ನುವುದು ಆಮೇಲೆ ಹೊಳೆಯಿತು. ನಾಲ್ಕು ಸ್ಕ್ವಾಷ್ ಚೆಂಡುಗಳನ್ನು ಅರ್ಧಕ್ಕೆ ಕೊಯ್ದು ಕಲ್ಲಿನ ಕೆಳಗೆ ಬೋರಲು ಹಾಕಿದ ಮೇಲೆ ಸದ್ದು ಅಡಗಿತು. ಆದರೆ ಸ್ಪೀಕರುಗಳನ್ನು ಸ್ಟ್ಯಾಂಡಿನಿಂದ ಇಳಿಸಿ ಬೇರೆ ಕಡೆ ಇಡುವುದು ಇದಕ್ಕಿಂತ ಒಳ್ಳೆಯದು, ಅದಕ್ಕೆ ಖರ್ಚೂ ಇಲ್ಲ.

ಇನ್ನು ನಿಮ್ಮ ಆರ್ಮ್. ಟೋನ್‌ಆರ್ಮಿನದ್ದು ಇಬ್ಬಂದಿ ಕೆಲಸ. ಸಂಗೀತಕ್ಕೆ ಮುಳ್ಳು ಕುಣಿಯುವಾಗ ಅದು ಕಂಬದ ಹಾಗೆ ನಿಲ್ಲಬೇಕು, ಪ್ಲೇಟು ಸೊಟ್ಟಗಿದ್ದರೆ ಆ ಉಬ್ಬುತಗ್ಗಿನ ಜೊತೆ ಏರಿ ಇಳಿಯಬೇಕು. ಎರಡರ ಗಡಿ ಎಲ್ಲಿ ಬೀಳುತ್ತೆ ಅನ್ನುವುದಕ್ಕೆ ಸುಲಭ ಲೆಕ್ಕ ಇದೆ. ಆರ್ಮಿನ ಎಫೆಕ್ಟಿವ್ ಮಾಸ್ (ಆರ್ಮ್ ಅಲುಗುವಾಗ ಮುಳ್ಳಿಗೆ ತಟ್ಟುವ ತೂಕ), ಕಾರ್ಟ್ರಿಜ್ (ಆರ್ಮಿನ ತುದಿಯಲ್ಲಿ ಮುಳ್ಳು ಕೂತಿರುವ ಪುಟ್ಟ ಡಬ್ಬಿ) ಮತ್ತು ಸ್ಕ್ರೂಗಳ ತೂಕ ಕೂಡಿಸಿ, ಕಾರ್ಟ್ರಿಜ್‌ನ ಕಂಪ್ಲಯನ್ಸ್‌ನಿಂದ (ಮುಳ್ಳಿನ ಕಡ್ಡಿ ಎಷ್ಟು ಸುಲಭವಾಗಿ ಮಣಿಯುತ್ತೆ ಅನ್ನುವ ಅಂಕಿ) ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿ. ನಿಮ್ಮ ಆರ್ಮ್ 10 ಗ್ರಾಂ, ನಿಮ್ಮ ಕಾರ್ಟ್ರಿಜ್ ಒರ್ಟೋಫಾನ್ 2ಎಂ ರೆಡ್ 7.2 ಗ್ರಾಂ, ಸ್ಕ್ರೂ ಸುಮಾರು 1 ಗ್ರಾಂ, ಕಂಪ್ಲಯನ್ಸ್ 20. ಉತ್ತರ 8.3 ಹರ್ಟ್ಸ್. 8ರಿಂದ 12ರೊಳಗೆ ಇರಬೇಕು ಅನ್ನುತ್ತಾರೆ. ಅಂಚಿನಲ್ಲಿದ್ದರೂ ನೀವು ಒಳಗೇ ಇದ್ದೀರಿ. ಅಂಗಡಿಯವರು ತೋರಿಸಿದ ಆರ್ಮ್ ಇನ್ನೂ ಭಾರದ್ದಾದರೆ ಕೆಳಗಿಳಿದು, ಸೊಟ್ಟ ಪ್ಲೇಟಿಗೆಲ್ಲ ವೂಫರ್ ಪಟಪಟ ಬಡಿದುಕೊಳ್ಳುತ್ತೆ! ಭಾರದ ಆರ್ಮ್ ಬೇಕಾಗುವುದು ಡೆನಾನ್ ಡಿಎಲ್-103 ತರಹದ, ಮುಳ್ಳಿನ ಕಡ್ಡಿ ಬಿಗಿಯಾಗಿರುವ ಕಾರ್ಟ್ರಿಜ್‌ಗೆ.

ಈಗ ಕೊನೆಯ ಹಾಡಿಗೆ ಬರೋಣ. ನಿಮಿಷಕ್ಕೆ 33⅓ ಸುತ್ತಿನಲ್ಲಿ ಪ್ಲೇಟಿನ ಹೊರ ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡುತ್ತೆ, ಒಳ ತುದಿಯಲ್ಲಿ ಬರೀ 21. ಅಷ್ಟೇ ಸ್ವರವನ್ನು ಅರ್ಧಕ್ಕೂ ಕಡಿಮೆ ಜಾಗದಲ್ಲಿ ತುರುಕಿದ್ದಾರೆ, ಹಾಗಾಗಿ ಅಲ್ಲಿ ಸಣ್ಣ ತಪ್ಪೂ ಕಿವಿಗೆ ಹೊಡೆಯುತ್ತೆ. ಮೇಲಾಗಿ ಗೆರೆ ಕೊರೆಯುವ ಯಂತ್ರ ನೇರ ಸಾಗುತ್ತೆ, ನಮ್ಮ ಆರ್ಮ್ ಒಂದೆಡೆ ಕೀಲಿಟ್ಟುಕೊಂಡು ಕಮಾನಿನಲ್ಲಿ ತಿರುಗುತ್ತೆ. ಈ ವ್ಯತ್ಯಾಸ ಎಲ್ಲೆಲ್ಲಿ ಸೊನ್ನೆ ಮಾಡಿದರೆ ಒಟ್ಟು ಹಾನಿ ಕಡಿಮೆ ಅಂತ ಸ್ವೀಡನ್ನಿನ ಎಂಜಿನಿಯರ್ ಲೋಫ್‌ಗ್ರೆನ್ 1938ರಲ್ಲೇ ಲೆಕ್ಕ ಹಾಕಿದ್ದರು. ಇವತ್ತಿನ ಹಲವು ಪ್ರೊಟ್ರಾಕ್ಟರುಗಳಲ್ಲಿ (ಕಾರ್ಟ್ರಿಜ್ ನೇರ ಕೂರಿಸಲು ಪ್ಲೇಟಿನ ಜಾಗದಲ್ಲಿ ಇಡುವ ಅಳತೆ ಹಾಳೆ) ನಡುವಿನಿಂದ 66 ಮತ್ತು 120.9 ಮಿ.ಮೀ. ದೂರದಲ್ಲಿ ಕಾಣುವ ಎರಡು ಚುಕ್ಕೆ ಆ ಲೆಕ್ಕದವೇ. ಎರಡರ ಮೇಲೂ ಕಾರ್ಟ್ರಿಜ್ ಗೆರೆಗಳಿಗೆ ಸಮನಾಗಿ ನಿಲ್ಲುವ ತನಕ ಸ್ಕ್ರೂ ಸಡಿಲಿಸಿ ಹಿಂದೆಮುಂದೆ ಸರಿಸಿ. ಪ್ರೊಟ್ರಾಕ್ಟರನ್ನು ಪ್ರಿಂಟ್ ಹಾಕಿಸಿದರೆ ಸ್ಕೇಲ್ ಹಿಡಿದು ಅಳೆಯಿರಿ. ನನ್ನ ಪ್ರಿಂಟರ್ ಪುಟಕ್ಕೆ ಹೊಂದಿಸುತ್ತೇನೆ ಅಂತ ಚಿತ್ರವನ್ನೇ ಕುಗ್ಗಿಸಿತ್ತು. ನಾನು ಎರಡು ವಾರ ಕಾರ್ಟ್ರಿಜ್‌ಗೆ ಬೈದುಕೊಂಡು ಕೂತಿದ್ದೆ.

ಆಮೇಲೆ ಮುಳ್ಳಿನ ಭಾರ. 2ಎಂ ರೆಡ್‌ಗೆ 1.8 ಗ್ರಾಂ ಅಂತ ತಯಾರಕರೇ ಹೇಳಿದ್ದಾರೆ, ಅಷ್ಟೇ ಇಡಿ. ಹಗುರಾದಷ್ಟೂ ಪ್ಲೇಟಿಗೆ ಒಳ್ಳೆಯದು ಅನ್ನುವುದು ತಪ್ಪು. ಹಿಡಿತ ಸಾಲದೆ ಮುಳ್ಳು ಎಗರಿ ಗೆರೆಯ ಗೋಡೆಗೆ ಬಡಿದು ಅದನ್ನೇ ಕೆಡಿಸುತ್ತೆ. ಆರ್ಮಿನ ಹಿಂಭಾರದ ಮೇಲಿನ ಅಂಕಿ ನಂಬಬೇಡಿ, ಅಗ್ಗದ ಡಿಜಿಟಲ್ ತಕ್ಕಡಿ ತನ್ನಿ. ತಕ್ಕಡಿ ಸರಿಯಿದೆಯಾ ಅಂತ ನೋಡಲು 2011ರ ಸರಣಿಯ 1 ರೂಪಾಯಿ ನಾಣ್ಯ ಸಾಕು, 3.79 ಗ್ರಾಂ ಬರಬೇಕು. ಆಂಟಿ-ಸ್ಕೇಟಿಂಗನ್ನು (ಆರ್ಮ್ ಒಳಕ್ಕೆ ಎಳೆಯುವುದನ್ನು ತಡೆಯುವ ಹೊಂದಾಣಿಕೆ) ಅಷ್ಟೇ ಅಂಕಿಗೆ ಇಟ್ಟು ಕೇಳಿ. ಬಲಗಡೆ ಸ್ಪೀಕರಿನಲ್ಲಿ ಮಾತ್ರ ‘ಸ’ ಒಡೆದರೆ ಸ್ವಲ್ಪ ಹೆಚ್ಚಿಸಿ, ಎಡಗಡೆ ಒಡೆದರೆ ಇಳಿಸಿ. ಆರ್ಮಿನ ಎತ್ತರ ಮಟ್ಟಸವಾಗಿದ್ದರೆ ಮುಟ್ಟಬೇಡಿ.

ಇಷ್ಟೆಲ್ಲ ಆದರೂ ಕರಕರ ನಿಲ್ಲದಿದ್ದರೆ ಅದೊಂದೇ ಪ್ಲೇಟಾ, ಎಲ್ಲವೂ ಹೀಗೇನಾ ನೋಡಿ. ನೀವು ಸಂಡೇ ಬಜಾರಿನಲ್ಲಿ ಕೊಂಡದ್ದು ಅಂದಿರಿ. ಹಿಂದಿನ ಮಾಲೀಕರು ಸವೆದ ಮುಳ್ಳಿನಲ್ಲೇ ವರ್ಷಗಟ್ಟಲೆ ಹಾಕಿದ್ದರೆ ಆ ಗೆರೆ ಹೋದಂತೆಯೇ. ಒಂದು ಹೊಸ ಪ್ಲೇಟಿನ ಕೊನೆಯ ಹಾಡು ಹಾಕಿ, ಹೇಗಿತ್ತು ಅಂತ ಇಲ್ಲೇ ಬರೆಯಿರಿ.