ಎರಡನೇ ಹುಡುಗನಿಗೂ ಒಂದು ಬದುಕು ಕೊಡಿ

ನಿಮ್ಮ ತ್ರಿಕೋನ ಪ್ರೇಮಕಥೆಯಲ್ಲಿ ಇಬ್ಬರು ಹುಡುಗರ ಪೈಕಿ ನಾಯಕಿ ಯಾರ ಕೈ ಹಿಡಿಯುತ್ತಾಳೆ ಅಂತ ಓದಿದವರಿಗೆಲ್ಲ ಮೂರನೇ ಅಧ್ಯಾಯಕ್ಕೇ ಗೊತ್ತಾಗಿಬಿಡುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನನಗನ್ನಿಸುವುದು, ತೊಂದರೆ ಇರುವುದು ಎರಡನೇ ಹುಡುಗನಲ್ಲಿ. ಅವಳು ಬಿಟ್ಟುಹೋಗಲಿ ಅಂತಲೇ ಅವನನ್ನು ಸುಮ್ನೆ ತಂದಿಟ್ಟ ಹಾಗಿದೆ.

ಗಿರೀಶ ಕಾರ್ನಾಡರ 'ಹಯವದನ' ನಾಟಕ ಓದಿ ನೋಡಿ. ದೇವದತ್ತನಿಗೆ ಬುದ್ಧಿ, ಕಪಿಲನಿಗೆ ಮೈಕಟ್ಟು. ಪದ್ಮಿನಿಗೆ ಎರಡೂ ಬೇಕು. ಉಜ್ಜಯಿನಿಯ ದಾರಿಯಲ್ಲಿ ಕಪಿಲ ಹೂ ಕೀಳಲು ಮರ ಹತ್ತುತ್ತಾನೆ. ಪದ್ಮಿನಿ ಅವನ ಮೈಯನ್ನೇ ನೋಡುತ್ತಾಳೆ. ಅವಳು ನೋಡುವುದನ್ನು ಗಂಡ ದೇವದತ್ತ ನೋಡುತ್ತಾನೆ. ಅಷ್ಟಕ್ಕೇ ಮೂವರ ಸಂಕಟವೂ ನಮಗೆ ತಟ್ಟುತ್ತದೆ! ಆಮೇಲೆ ಗೆಳೆಯರಿಬ್ಬರೂ ತಲೆ ಕಡಿದುಕೊಂಡು, ಕಾಳಿಯ ವರದಿಂದ ಮತ್ತೆ ಬದುಕುವಾಗ ತಲೆಗಳು ಅದಲುಬದಲಾದರೂ ಅವಳ ಸಮಸ್ಯೆ ಬಗೆಹರಿಯುವುದಿಲ್ಲ. ಮೈ ನಿಧಾನಕ್ಕೆ ತಲೆ ಹೇಳಿದಂತೆ ಬದಲಾಗುತ್ತದೆ.

ಇನ್ನೊಂದು ಮುಖ್ಯ ವಿಷಯ, ಆ ಇಬ್ಬರು ಜೀವದ ಗೆಳೆಯರು. ಯಾರು ಗೆದ್ದರೂ ಗೆಳೆತನ ಹೋಗುತ್ತದೆ, ಅಲ್ವಾ? ಜಾಸ್ತಿ ಪ್ರೇಮಕಥೆಗಳಲ್ಲಿ ಸೊರಗುವುದು ತ್ರಿಕೋನದ ಇದೇ ಗೆರೆ, ಹುಡುಗರಿಬ್ಬರ ನಡುವಿನದು.

ನಿಮ್ಮ ಇಬ್ಬರು ಹುಡುಗರು ಒಬ್ಬರಿಗೊಬ್ಬರು ಏನಾಗಬೇಕು? ಮೊದಲು ಅದನ್ನು ಬರೆಯಿರಿ. ನಾಯಕಿ ಇಲ್ಲದ ಒಂದು ದೃಶ್ಯದಲ್ಲಿ ಅವರಿಬ್ಬರನ್ನೇ ಕೂರಿಸಿ ಮಾತಾಡಿಸಿ.